ಅಣ್ಣನ ಕಿಡ್ನಿ ಹೋಯಿತು, ತಂಗಿಯದ್ದೂ ಹೋಗಬೇಕೆಂದಿಲ್ಲ

ಬೆಳಗ್ಗಿನ ಮದ್ರಸ ಮುಗಿದು ಮಕ್ಕಳು ಶಾಲೆಗೆ ಓಡಿದ ಮೇಲೆ ಒಬ್ಬರು ತಾಯಿ ಬಾಗಿಲ ಬಳಿ ನಿಂತಿದ್ದರು. ಬೀಡಿ ಕಟ್ಟಿ ಸಂಸಾರ ತೂಗಿಸುವವರು. ಅವರ ಇಬ್ಬರು ಮಕ್ಕಳೂ ನನ್ನಲ್ಲೇ ಓದಿದವರು. ಮಗನಿಗೆ ಈಗ 29 ವರ್ಷ. ಏಳನೇ ವಯಸ್ಸಿನಿಂದ ಇನ್ಸುಲಿನ್ ಚುಚ್ಚಿಕೊಂಡೇ ಬೆಳೆದವನು. ಕಳೆದ ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುತ್ತಾನೆ. ಮಗಳಿಗೆ 19. ಅವಳಿಗೂ ಎಂಟನೇ ವಯಸ್ಸಿನಲ್ಲಿ ಅದೇ ಕಾಯಿಲೆ ಬಂತು.

"ಉಸ್ತಾದ್, ಒಂದು ದುಆ ಮಾಡಿ. ಮಗಳಿಗೆ ಒಳ್ಳೆಯ ಸಂಬಂಧ ಬಂದಿದೆ. ಡಾಕ್ಟ್ರು ಮೂತ್ರದ ಟೆಸ್ಟ್ ಬರೆದುಕೊಟ್ಟು ನಾಲ್ಕು ತಿಂಗಳಾಯಿತು, ನಾನು ಮಾಡಿಸಲಿಲ್ಲ. ಅಣ್ಣನಿಗೆ ಆದದ್ದು ಇವಳಿಗೂ ಆಗುವುದೇ ಅಲ್ವಾ? ಅದು ನಮ್ಮ ರಕ್ತದಲ್ಲೇ ಉಂಟು. ಈಗ ಟೆಸ್ಟ್ ಮಾಡಿಸಿ, ನಾಲ್ಕು ಜನರಿಗೆ ಗೊತ್ತಾಗಿ, ಬಂದ ಸಂಬಂಧವೂ ಹೋಗುವುದು ಬೇಡ" ಎಂದರು.

ನಾನು ದುಆ ಮಾಡಿದೆ. ಸಬೂರ್ ಮಾಡಿ, ಅಲ್ಲಾಹನು ಒಳ್ಳೆಯದು ಮಾಡುತ್ತಾನೆ ಎಂದು ಹೇಳಿ ಕಳುಹಿಸಿದೆ. ಹಾಗೆ ಕಳುಹಿಸಿದ್ದು ನನ್ನ ತಪ್ಪು. ಆ ತಪ್ಪನ್ನು ಒಪ್ಪಿಕೊಳ್ಳಲಿಕ್ಕೇ ಈ ಲೇಖನ ಬರೆಯುತ್ತಿದ್ದೇನೆ. ಆ ಮನೆಯವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು ಬೇಡ.

ಎರಡು ವಾರ ಕಳೆದು, ಮಗನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಲು ಯಾರೂ ಇಲ್ಲ ಎಂದಾಗ ನಾನು ಜೊತೆಗೆ ಹೋದೆ. ಮಿಷನ್ ಪಕ್ಕ ನಾಲ್ಕು ಗಂಟೆ ಕೂತೆ. ಅಲ್ಲಿದ್ದ ಡಾಕ್ಟ್ರ ಹತ್ತಿರ, ಇದು ವಂಶದಿಂದ ಬರುತ್ತದೆಯಾ, ತಂಗಿಗೂ ಹೀಗೇ ಆಗುತ್ತದೆಯಾ ಎಂದು ಕೇಳಿದೆ. ಅವರು ನನ್ನನ್ನೇ ಒಮ್ಮೆ ನೋಡಿ, "ವಂಶದ ಪಾಲು ಇದೆ ಉಸ್ತಾದ್. ಆದರೆ ಹಾಗಿದ್ದರೆ ಊರಿನಲ್ಲಿ ಎಲ್ಲರಿಗಿಂತ ಮೊದಲು ಟೆಸ್ಟ್ ಆಗಬೇಕಾದವಳು ಅವಳಲ್ಲವಾ? ನೀವು ಅದನ್ನೇ ಟೆಸ್ಟ್ ಬೇಡ ಅನ್ನಲಿಕ್ಕೆ ಕಾರಣ ಮಾಡಿಕೊಂಡಿದ್ದೀರಲ್ಲ" ಎಂದರು. ನನ್ನ ಬಳಿ ಉತ್ತರ ಇರಲಿಲ್ಲ.

ನಾನು ಡಾಕ್ಟರ್ ಅಲ್ಲ. ಪಿಯುಸಿ ತನಕ ಓದಿದವನು. ಆದರೆ ಅವತ್ತಿನಿಂದ ಈ ವಿಷಯ ಕೇಳಿ, ಓದಿ ತಿಳಿದುಕೊಂಡೆ. ತಿಳಿದದ್ದನ್ನು ನಮ್ಮ ಮನೆಗಳಲ್ಲಿ ಮಾತನಾಡುವ ಹಾಗೆ ಇಲ್ಲಿ ಹೇಳುತ್ತೇನೆ.

ಎರಡು ಶುಗರ್ ಬೇರೆ ಬೇರೆ

ನಮ್ಮಲ್ಲಿ ಎಲ್ಲದಕ್ಕೂ 'ಶುಗರ್ ಉಂಟು' ಎಂದು ಒಂದೇ ಮಾತು. ಆದರೆ ನಲವತ್ತು ದಾಟಿದ ಮೇಲೆ ಮನೆಮನೆಯಲ್ಲಿ ಕಾಣುವ ಶುಗರ್ ಬೇರೆ, ಚಿಕ್ಕ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಟೈಪ್ 1 ಬೇರೆ. ಟೈಪ್ 1ರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶ ಮಾಡುತ್ತದೆ. ಮಗು ಸಿಹಿ ತಿಂದದ್ದರಿಂದ ಬಂದದ್ದಲ್ಲ, ತಾಯಿ ಏನೋ ತಪ್ಪು ಮಾಡಿದ್ದರಿಂದ ಬಂದದ್ದೂ ಅಲ್ಲ. ಅದಕ್ಕೆ ಇನ್ಸುಲಿನ್ ಬಿಟ್ಟರೆ ಬೇರೆ ದಾರಿಯಿಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟರು. ಅದಕ್ಕಿಂತ ಮೊದಲು ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ದಿನ ಬದುಕುತ್ತಿರಲಿಲ್ಲ. ನಾಟಿ ಮದ್ದು ನಂಬಿ ಇಂಜೆಕ್ಷನ್ ನಿಲ್ಲಿಸಿದರೆ ಇವತ್ತೂ ಕಥೆ ಅಷ್ಟೇ.

ಇನ್ಸುಲಿನ್ ಬಂದ ಮೇಲೆ ಈ ಮಕ್ಕಳು ದೊಡ್ಡವರಾದರು. ಆಗ ಕಂಡದ್ದು ಇನ್ನೊಂದು ಕಷ್ಟ, ಕಿಡ್ನಿ. ನಮ್ಮ ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ಸಣ್ಣ ಸಣ್ಣ ಜಾಲರಿಗಳಿವೆ. ರಕ್ತವನ್ನು ಸೋಸಿ ಬೇಡದ್ದನ್ನು ಹೊರಗೆ ಬಿಡುವುದು, ಬೇಕಾದದ್ದನ್ನು ಒಳಗೆ ಇಟ್ಟುಕೊಳ್ಳುವುದು ಅವುಗಳ ಕೆಲಸ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ಆ ಜಾಲರಿ ಹಾಳಾಗುತ್ತದೆ. ಮೊದಲು ಅಲ್ಬುಮಿನ್ ಎಂಬ ಪ್ರೋಟೀನ್ ಸ್ವಲ್ಪ ಸ್ವಲ್ಪ ಮೂತ್ರದಲ್ಲಿ ಸೋರುತ್ತದೆ. ಆಮೇಲೆ ಬಿಪಿ ಏರುತ್ತದೆ. ಕೊನೆಗೆ ಸೋಸುವ ಶಕ್ತಿಯೇ ಕುಸಿಯುತ್ತದೆ.

ಹಿಂದಿನ ಲೆಕ್ಕದಲ್ಲಿ ಟೈಪ್ 1 ಇದ್ದವರಲ್ಲಿ ಹೆಚ್ಚು ಕಡಿಮೆ ಮೂವರಿಗೊಬ್ಬರಿಗೆ ಕಿಡ್ನಿಯ ತೊಂದರೆ ಬರುತ್ತಿತ್ತು. ಅದು ಹೆಚ್ಚಾಗಿ ಕಾಯಿಲೆ ಶುರುವಾಗಿ ಹತ್ತರಿಂದ ಇಪ್ಪತ್ತು ವರ್ಷದೊಳಗೆ ತಲೆ ಎತ್ತುತ್ತದೆ. ಹಾಗಾದರೆ ಉಳಿದ ಇಬ್ಬರು ಹೇಗೆ ಪಾರಾದರು? ಅಮೆರಿಕದ ಬೋಸ್ಟನ್‌ನ ಜೋಸ್ಲಿನ್ ಕೇಂದ್ರದವರು ಟೈಪ್ 1 ಇಟ್ಟುಕೊಂಡು 50 ವರ್ಷಕ್ಕಿಂತ ಹೆಚ್ಚು ಬಾಳಿದವರನ್ನು ಹುಡುಕಿ ಪರೀಕ್ಷಿಸಿದ್ದಾರೆ. ಅವರಲ್ಲಿ ಎಷ್ಟೋ ಮಂದಿಯ ಕಿಡ್ನಿ ಚೆನ್ನಾಗಿಯೇ ಇತ್ತು. ಸಕ್ಕರೆಯ ಏರಿಳಿತ ಒಂದರಿಂದಲೇ ಈ ವ್ಯತ್ಯಾಸವನ್ನು ಪೂರ್ತಿ ವಿವರಿಸಲು ಆಗುವುದಿಲ್ಲ. ಇಲ್ಲಿಯೇ ವಂಶದ ಪ್ರಶ್ನೆ ಬರುತ್ತದೆ.

ಅಣ್ಣ ತಂಗಿಯರ ಲೆಕ್ಕ

ಆ ತಾಯಿ ಕೇಳಿದ ಪ್ರಶ್ನೆಯನ್ನೇ ಅಮೆರಿಕದ ಮಿನೆಸೋಟದ ವೈದ್ಯರು ಕೇಳಿ, 1989ರಲ್ಲಿ ಉತ್ತರ ಪ್ರಕಟಿಸಿದ್ದರು. ಒಂದೇ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳಿಗೆ ಟೈಪ್ 1 ಇರುವ ಕುಟುಂಬಗಳನ್ನು ಅವರು ನೋಡಿದರು. ಮೊದಲ ಗುಂಪಿನಲ್ಲಿ ಕಿಡ್ನಿ ಹಾಳಾದ 26 ಮಂದಿ. ಅವರಿಗೆ ಟೈಪ್ 1 ಇದ್ದ ಒಡಹುಟ್ಟಿದವರು 29. ಆ 29ರಲ್ಲಿ 24 ಮಂದಿಗೆ ಕಿಡ್ನಿಯ ತೊಂದರೆಯ ಗುರುತು ಕಂಡಿತು. ಎರಡನೇ ಗುಂಪಿನಲ್ಲಿ ಕಿಡ್ನಿ ಸರಿಯಾಗಿದ್ದ 11 ಮಂದಿ. ಅವರಿಗೆ ಟೈಪ್ 1 ಇದ್ದ ಒಡಹುಟ್ಟಿದವರು 12. ಅದರಲ್ಲಿ ಇಬ್ಬರಿಗೆ ಮಾತ್ರ ತೊಂದರೆ.

ಈ ಲೆಕ್ಕ ಮೊದಲು ಓದಿದಾಗ ನನಗೂ ಭಯವಾಯಿತು. ಆ ತಾಯಿ ಹೇಳಿದ್ದು ಸರಿಯೇ ಅಲ್ವಾ ಅಂತ ಅನಿಸಿತು. ಆದರೆ ಎರಡು ವಿಷಯ ಗಮನಿಸಬೇಕು.

ಒಂದು, ಅದು ಸಣ್ಣ ಅಧ್ಯಯನ. ಆ ಮೊದಲ ಗುಂಪಿನಲ್ಲೂ ಐವರು ಪಾರಾಗಿದ್ದರು. ಗುರುತು ಕಂಡ 24 ಮಂದಿಯಲ್ಲಿ ಎಲ್ಲರ ಕಿಡ್ನಿಯೂ ಪೂರ್ತಿ ಹೋಗಿರಲಿಲ್ಲ, ಅರ್ಧದಷ್ಟು ಮಂದಿ ಇನ್ನೂ ಮೂತ್ರದಲ್ಲಿ ಪ್ರೋಟೀನ್ ಸೋರುವ ಹಂತದಲ್ಲಿದ್ದರು. ಅಲ್ಲದೆ ಅದು 1989ರ ಮಾತು. ಅವತ್ತು ಇಲ್ಲದ ಉಪಾಯಗಳು ಇವತ್ತು ಇವೆ, ಅದನ್ನು ಮುಂದೆ ಹೇಳುತ್ತೇನೆ.

ಎರಡು, ಅಣ್ಣ ತಂಗಿಯರು ರಕ್ತವನ್ನು ಮಾತ್ರ ಹಂಚಿಕೊಳ್ಳುವುದಲ್ಲ. ಅಡುಗೆ ಮನೆಯೂ ಒಂದೇ. ಅದೇ ಉಪ್ಪು, ಅದೇ ಊಟದ ಹೊತ್ತು, ಅದೇ ಬಡತನ, ಇಂಜೆಕ್ಷನ್ ತಪ್ಪಿಸುವ ಅದೇ ಅಭ್ಯಾಸ, ಡಾಕ್ಟ್ರ ಹತ್ತಿರ ಹೋಗುವುದನ್ನು ಮುಂದೂಡುವ ಅದೇ ತಂದೆ ತಾಯಿ. ಒಂದೇ ಮನೆಯಲ್ಲಿ ಇಬ್ಬರಿಗೆ ಕಾಯಿಲೆ ಬಂದರೆ ಎಲ್ಲವನ್ನೂ ರಕ್ತದ ತಲೆಗೆ ಕಟ್ಟುವುದು ಸುಲಭ. ಹಾಗೆ ಕಟ್ಟಿದರೆ ನಮ್ಮ ಪಾಲಿನ ಜವಾಬ್ದಾರಿ ಕಣ್ಣಿಗೆ ಬೀಳುವುದಿಲ್ಲ.

ಹಾಗೆಂದು ವಂಶದ ಪಾಲು ಸುಳ್ಳಲ್ಲ. ಜಗತ್ತಿನಲ್ಲೇ ಟೈಪ್ 1 ಅತಿ ಹೆಚ್ಚು ಇರುವ ದೇಶ ಫಿನ್‌ಲ್ಯಾಂಡ್. ಅಲ್ಲಿ 1997ರಿಂದ ಈ ಕಾಯಿಲೆ ಇರುವ ಸಾವಿರಾರು ಜನರ ಕಿಡ್ನಿಯನ್ನು ವರ್ಷ ವರ್ಷ ನೋಡುತ್ತಾ ಬಂದಿದ್ದಾರೆ. ಅವರೂ ಬೇರೆ ದೇಶದವರೂ ಸೇರಿ ಟೈಪ್ 1 ಇರುವ ಸುಮಾರು 20 ಸಾವಿರ ಜನರ ವಂಶವಾಹಿಗಳನ್ನು ಪರಿಶೀಲಿಸಿ 2019ರಲ್ಲಿ ಫಲಿತಾಂಶ ಹೊರತಂದರು. ಕಿಡ್ನಿ ತೊಂದರೆಗೆ ಸಂಬಂಧಪಟ್ಟ 16 ಜಾಗಗಳು ಸಿಕ್ಕಿದವು. ಅಂದರೆ, ಇದ್ದರೆ ಕಾಯಿಲೆ, ಇಲ್ಲದಿದ್ದರೆ ಆರೋಗ್ಯ ಎಂದು ಹೇಳಬಹುದಾದ ಒಂದೇ ಒಂದು ಜೀನ್ ಇಲ್ಲ. ಹಲವು ಇವೆ, ಹೆಚ್ಚಿನವುಗಳ ಪಾಲು ಸಣ್ಣದು.

ಇದರಲ್ಲಿ ಒಂದು ನನಗೆ ಬಹಳ ಹಿಡಿಸಿತು. ಅವರಿಗೆ ಸಿಕ್ಕಿದ ಅತಿ ಬಲವಾದ ಗುರುತು ಕಿಡ್ನಿಯನ್ನು ಹಾಳು ಮಾಡುವಂಥದ್ದಲ್ಲ, ಕಾಪಾಡುವಂಥದ್ದು. ಕಿಡ್ನಿಯ ಆ ಜಾಲರಿ ಕಟ್ಟಲು ಬೇಕಾದ ಕೊಲಾಜನ್ ಎಂಬ ಪ್ರೋಟೀನ್‌ನ ಜೀನ್‌ನಲ್ಲಿ ಒಂದು ಸಣ್ಣ ವ್ಯತ್ಯಾಸ. ಅದು ಇದ್ದವರಿಗೆ ಕಿಡ್ನಿ ತೊಂದರೆ ಕಡಿಮೆ. ನಾವು 'ರಕ್ತದಲ್ಲಿ ಬಂದದ್ದು' ಎಂದರೆ ಶಾಪ ಎಂದೇ ಭಾವಿಸುತ್ತೇವೆ. ರಕ್ತದಲ್ಲಿ ರಕ್ಷಣೆಯೂ ಬರುತ್ತದೆ.

ಇನ್ನೊಂದು ಎಚ್ಚರಿಕೆ. ಆ 20 ಸಾವಿರ ಜನ ಯುರೋಪ್ ಮೂಲದವರು. ಅವರ ಲೆಕ್ಕ ನಮ್ಮ ಕರಾವಳಿಯ ಮಕ್ಕಳಿಗೆ ಹಾಗೆಯೇ ಹೊಂದುತ್ತದೆ ಎಂದು ಹೇಳಲಾಗದು. ಟೈಪ್ 1 ಇರುವ ಮಗುವಿನ ಕಿಡ್ನಿ ಮುಂದೆ ಏನಾಗುತ್ತದೆ ಎಂದು ತಿಳಿಯಲು ವೈದ್ಯರು ಜೀನ್ ಟೆಸ್ಟ್ ಬರೆಯುವುದೂ ಇಲ್ಲ. ಯಾರಾದರೂ ಹಾಗೆಂದು ಹಣ ಕೇಳಿದರೆ ಕೊಡಬೇಡಿ. ಮನೆಯಲ್ಲಿ ಯಾರಿಗೆ ಕಿಡ್ನಿ ತೊಂದರೆ ಇತ್ತು, ತಂದೆ ತಾಯಿಗೆ ಬಿಪಿ ಇದೆಯಾ ಎಂಬುದನ್ನು ಡಾಕ್ಟ್ರಿಗೆ ಸರಿಯಾಗಿ ಹೇಳಿದರೆ ಸಾಕು. ತಂದೆ ತಾಯಿಗೆ ಬಿಪಿ ಇದ್ದರೆ ಟೈಪ್ 1 ಇರುವ ಮಕ್ಕಳಿಗೆ ಕಿಡ್ನಿ ತೊಂದರೆಯ ಅಪಾಯ ಹೆಚ್ಚು ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಈ ಮಾಹಿತಿಗೆ ಒಂದು ರೂಪಾಯಿಯೂ ಖರ್ಚಿಲ್ಲ. ಆದರೆ ನಾವು ಅದನ್ನೇ ಮುಚ್ಚಿಡುತ್ತೇವೆ.

ನಮ್ಮ ಕೈಯಲ್ಲಿರುವುದು

ಹೊಳೆಬದಿಯ ತಗ್ಗಿನಲ್ಲಿ ಮನೆ ಇರುವವನು ನೆರೆ ಬರುವುದು ಹೇಗೂ ಬರುತ್ತದೆ ಎಂದು ಕೈಕಟ್ಟಿ ಕೂರುವುದಿಲ್ಲ. ಗುಡ್ಡದ ಮೇಲಿನವನಿಗಿಂತ ಮೊದಲೇ ಎದ್ದು ನೀರು ಎಷ್ಟು ಏರಿದೆ ಎಂದು ನೋಡುತ್ತಾನೆ. ವಂಶದ ಅಪಾಯ ಎಂದರೆ ಇಷ್ಟೇ. ಅದು ತಗ್ಗಿನ ಮನೆ.

ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರ ತನಕ ಟೈಪ್ 1 ಇದ್ದ 1,441 ಜನರ ಮೇಲೆ ಒಂದು ದೊಡ್ಡ ಪರೀಕ್ಷೆ ನಡೆಯಿತು. ಅರ್ಧದಷ್ಟು ಜನರಿಗೆ ಅಂದಿನ ಸಾಮಾನ್ಯ ಚಿಕಿತ್ಸೆ. ಉಳಿದವರಿಗೆ ದಿನಕ್ಕೆ ಮೂರು ನಾಲ್ಕು ಸಲ ಇನ್ಸುಲಿನ್ ಅಥವಾ ಪಂಪ್, ಪದೇ ಪದೇ ಸಕ್ಕರೆ ಪರೀಕ್ಷೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮೊದಲ ಗುಂಪಿನಲ್ಲಿ 9ರ ಹತ್ತಿರ, ಎರಡನೆಯದರಲ್ಲಿ 7ರ ಹತ್ತಿರ ಇತ್ತು. ಬಿಗಿಯಾಗಿ ನೋಡಿಕೊಂಡವರಲ್ಲಿ ಮೂತ್ರದಲ್ಲಿ ಅಲ್ಬುಮಿನ್ ಸೋರುವ ಮೊದಲ ಹಂತ ಶೇ. 39ರಷ್ಟು ಕಡಿಮೆಯಾಯಿತು. ಅದರ ಮುಂದಿನ ಹಂತ ಶೇ. 54ರಷ್ಟು ಕಡಿಮೆಯಾಯಿತು. ಆ ಜನರ ಜೀನ್ ಯಾರೂ ಬದಲಾಯಿಸಿರಲಿಲ್ಲ. ಬದಲಾದದ್ದು ಸಕ್ಕರೆ ಮಾತ್ರ.

ಅದೇ 1993ರಲ್ಲಿ ಇನ್ನೊಂದು ಅಧ್ಯಯನ ಬಂತು. ಟೈಪ್ 1ರಿಂದ ಕಿಡ್ನಿಗೆ ಆಗಲೇ ಏಟು ಬಿದ್ದಿದ್ದ 409 ಜನರಲ್ಲಿ ಅರ್ಧದಷ್ಟು ಮಂದಿಗೆ ಕ್ಯಾಪ್ಟೊಪ್ರಿಲ್ ಎಂಬ ಬಿಪಿ ಮಾತ್ರೆ ಕೊಟ್ಟರು. ಸಾವು, ಡಯಾಲಿಸಿಸ್ ಅಥವಾ ಕಿಡ್ನಿ ಕಸಿಯ ತನಕ ಹೋಗುವ ಅಪಾಯ ಅವರಲ್ಲಿ ಅರ್ಧಕ್ಕೆ ಇಳಿಯಿತು. ಆ ಜಾತಿಯ ಮಾತ್ರೆಗಳು ಇವತ್ತು ನಮ್ಮ ಊರಿನ ಮೆಡಿಕಲ್‌ನಲ್ಲೂ ಸಿಗುತ್ತವೆ. ದುಬಾರಿಯೂ ಅಲ್ಲ.

ಆದರೆ ಮಾತ್ರೆ ಕೊಡಬೇಕಾದರೆ ಸೋರಿಕೆ ಇದೆ ಎಂದು ಗೊತ್ತಾಗಬೇಕಲ್ಲ? ಮೊದಲ ಹಂತದಲ್ಲಿ ಕಾಲು ಊದುವುದಿಲ್ಲ, ನೋವಿಲ್ಲ, ಸುಸ್ತೂ ಇಲ್ಲ. ಮುಖ ಊದಿ, ವಾಂತಿ ಶುರುವಾಗಿ ಆಸ್ಪತ್ರೆಗೆ ಓಡುವಾಗ ಕಿಡ್ನಿಯ ಹೆಚ್ಚಿನ ಭಾಗ ಹೋಗಿರುತ್ತದೆ. ಆ ಹುಡುಗನಿಗೆ ಆದದ್ದು ಹಾಗೆಯೇ. ಇಪ್ಪತ್ತೆರಡು ವರ್ಷದಲ್ಲಿ ಅವನ ಮೂತ್ರದ ಈ ಟೆಸ್ಟ್ ಆದದ್ದು ಎರಡೇ ಸಲ.

ಟೆಸ್ಟ್‌ನ ಹೆಸರು ಎಸಿಆರ್. ಮೂತ್ರದಲ್ಲಿ ಅಲ್ಬುಮಿನ್ ಎಷ್ಟು, ಕ್ರಿಯಾಟಿನಿನ್ ಎಷ್ಟು ಎಂದು ಅಳೆದು ತೆಗೆಯುವ ಲೆಕ್ಕ. ಒಂದು ಸಣ್ಣ ಡಬ್ಬಿಯಲ್ಲಿ ಮೂತ್ರ ಕೊಟ್ಟರೆ ಮುಗಿಯಿತು. ಬೆಳಗ್ಗಿನ ಮೊದಲ ಮೂತ್ರವಾದರೆ ಉತ್ತಮ. 30ರ ಒಳಗಿದ್ದರೆ ಸರಿ. 30ರಿಂದ 300ರ ತನಕ ಎಚ್ಚರಿಕೆ. 300 ದಾಟಿದರೆ ಕಾಯಿಲೆ ಬಲಿತಿದೆ ಎಂದರ್ಥ. ಸಾಮಾನ್ಯ ಮೂತ್ರ ಪರೀಕ್ಷೆಯಲ್ಲಿ 'ಪ್ರೋಟೀನ್ ಇಲ್ಲ' ಎಂದು ಬಂದರೆ ಸಾಲದು, ಇಷ್ಟು ಸಣ್ಣ ಪ್ರಮಾಣ ಅದರಲ್ಲಿ ಸಿಗುವುದಿಲ್ಲ. ಜ್ವರ, ಮೂತ್ರದ ಸೋಂಕು, ಮುಟ್ಟಿನ ದಿನಗಳಲ್ಲಿ ಲೆಕ್ಕ ಸುಮ್ಮನೆ ಏರಬಹುದು. ಹಾಗಾಗಿ ಒಂದು ಸಲ ಹೆಚ್ಚು ಬಂದರೆ ಹೆದರಬೇಡಿ. ಮೂರರಿಂದ ಆರು ತಿಂಗಳೊಳಗೆ ಮೂರು ಸಲ ನೋಡಿ, ಎರಡರಲ್ಲಿ ಹೆಚ್ಚಿದ್ದರೆ ಮಾತ್ರ ಹೌದು ಎನ್ನುತ್ತಾರೆ.

ಟೈಪ್ 1 ಬಂದು ಐದು ವರ್ಷವಾದವರು ವರ್ಷಕ್ಕೊಮ್ಮೆ ಇದನ್ನು ಮಾಡಿಸಲೇಬೇಕು. ಮಕ್ಕಳಿಗೆ ಯಾವಾಗ ಶುರು ಮಾಡಬೇಕೆಂದು ಡಾಕ್ಟ್ರು ವಯಸ್ಸು ನೋಡಿ ಹೇಳುತ್ತಾರೆ. ಪ್ರಾಯಕ್ಕೆ ಬರುವ ಹೊತ್ತಿನಲ್ಲಿ ಮೈಮರೆಯಬಾರದು. ಜೊತೆಗೆ ಬಿಪಿ ನೋಡಿಸಿ. ಮೈಕೈ ನೋವಿಗೆಂದು ಮೆಡಿಕಲ್‌ನಿಂದ ಕೇಳಿ ತಂದು ನುಂಗುವ ಮಾತ್ರೆಗಳು ಕಿಡ್ನಿಗೆ ಕೆಟ್ಟದ್ದು. ಬೀಡಿ ಸಿಗರೇಟೂ ಕೆಟ್ಟದ್ದೇ.

ಮುಚ್ಚಿಟ್ಟು ಮಾಡುವ ಮದುವೆ

ಈಗ ಕಷ್ಟದ ಮಾತಿಗೆ ಬರುತ್ತೇನೆ. ಆ ತಾಯಿಗೆ ಟೆಸ್ಟ್‌ನ ಹಣ ಕಷ್ಟವಾಗಿರಲಿಲ್ಲ. ಅವರಿಗಿದ್ದ ಭಯ ನಮ್ಮದು, ನಮ್ಮ ಜಮಾಅತಿನದ್ದು. ಹೆಣ್ಣು ನೋಡಲು ಹೋದವರು ಕಾಯಿಲೆಯ ಸುದ್ದಿ ಕೇಳಿದ ಕೂಡಲೇ ಚಾ ಅರ್ಧಕ್ಕೆ ಬಿಟ್ಟು ಏಳುತ್ತಾರೆ ಎಂಬ ಭಯ.

ಗಂಡಿನ ಕಡೆಯವರಿಗೆ ಎರಡು ಮಾತು. ಟೈಪ್ 1 ಇರುವ ತಾಯಿಯ ಮಗುವಿಗೆ ಅದೇ ಕಾಯಿಲೆ ಬರುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕಡಿಮೆ. ನಮ್ಮ ಮನೆಗಳಲ್ಲಿ ತುಂಬಿರುವ ದೊಡ್ಡವರ ಶುಗರ್ ಇದಕ್ಕಿಂತ ಎಷ್ಟೋ ಹೆಚ್ಚು ವಂಶದಲ್ಲಿ ಹರಿಯುತ್ತದೆ. ಹುಡುಗನ ಉಪ್ಪನಿಗೂ ಉಮ್ಮನಿಗೂ ಶುಗರ್ ಇರುತ್ತದೆ, ಅದನ್ನು ಯಾರೂ ಕೇಳುವುದಿಲ್ಲ. ಹುಡುಗಿಯ ಇಂಜೆಕ್ಷನ್ ಮಾತ್ರ ಎಲ್ಲರಿಗೂ ಕಾಣುತ್ತದೆ. ಇದು ಯಾವ ನ್ಯಾಯ?

ಹೆಣ್ಣಿನ ಕಡೆಯವರಿಗೂ ಒಂದು ಮಾತು. ಮುಚ್ಚಿಟ್ಟು ನಿಖಾಹ್ ಮಾಡಿಸಿದರೆ ಮಗಳು ಬಚ್ಚಲು ಮನೆಯಲ್ಲಿ ಕದ್ದು ಇನ್ಸುಲಿನ್ ಚುಚ್ಚಿಕೊಳ್ಳಬೇಕಾಗುತ್ತದೆ. ಒಂದು ಹೊತ್ತು ತಪ್ಪುತ್ತದೆ, ಆಮೇಲೆ ಎರಡು ಹೊತ್ತು. ಎಸಿಆರ್ ಮಾಡಿಸಲು ಹೋಗುವುದಂತೂ ದೂರದ ಮಾತು. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕಿಡ್ನಿ ಕಾಪಾಡುವ ಆ ಬಿಪಿ ಮಾತ್ರೆಗಳನ್ನು ಗರ್ಭಿಣಿಯರು ತೆಗೆದುಕೊಳ್ಳಬಾರದು, ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಮಗು ಬೇಕೆಂದು ಯೋಚಿಸುವಾಗಲೇ ಡಾಕ್ಟ್ರಿಗೆ ಹೇಳಿ ಬೇರೆ ಮಾತ್ರೆಗೆ ಬದಲಾಯಿಸಬೇಕು. ಗಂಡನಿಗೇ ಗೊತ್ತಿಲ್ಲದ ಕಾಯಿಲೆಗೆ ಇದೆಲ್ಲ ಹೇಗೆ ಸಾಧ್ಯ? ಸುಳ್ಳು ಹೇಳಿ ಉಳಿಸಿಕೊಂಡ ಸಂಬಂಧ ಮಗಳ ಕಿಡ್ನಿಯನ್ನೂ ಮೊಮ್ಮಗುವನ್ನೂ ಒತ್ತೆ ಇಟ್ಟ ಹಾಗೆ.

ನನ್ನಂಥ ಉಸ್ತಾದರಿಗೂ ಹೇಳಬೇಕಾದದ್ದಿದೆ. ಜನ ಡಾಕ್ಟ್ರ ಚೀಟಿ ಪರ್ಸಿನಲ್ಲಿ ಮಡಚಿಟ್ಟು ಮೊದಲು ನಮ್ಮ ಹತ್ತಿರ ಬರುತ್ತಾರೆ. ಆಗ ವಿಧಿ, ಸಬೂರ್ ಎಂದು ಹೇಳಿ ಕಳುಹಿಸುವುದು ಸುಲಭ. ಸಬೂರ್ ಅಂದರೆ ಸುಮ್ಮನೆ ಕೂರುವುದು ಎಂದು ನಾವು ಮಕ್ಕಳಿಗೆ ಕಲಿಸಿಲ್ಲ. ದುಆ ಮಾಡೋಣ. ಮಾಡಿದ ಮೇಲೆ, ಚೀಟಿ ಎಲ್ಲಿದೆ, ಟೆಸ್ಟ್ ಯಾವಾಗ, ಜೊತೆಗೆ ಯಾರು ಬರಬೇಕು ಎಂದೂ ಕೇಳೋಣ.

ಜಮಾಅತ್ ಕಮಿಟಿಗಳು ಡಯಾಲಿಸಿಸ್‌ಗೆಂದು ಹಣ ಒಟ್ಟು ಮಾಡುತ್ತವೆ. ಕೇಂದ್ರ ಸರಕಾರದ ಡಯಾಲಿಸಿಸ್ ಯೋಜನೆ 2016ರಿಂದ ಇದೆ, ಬಡವರಿಗೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಅದೆಲ್ಲ ಬೇಕು. ಆದರೆ ಒಬ್ಬನ ಡಯಾಲಿಸಿಸ್‌ಗೆ ಓಡಾಡುವ ಕೆಲವೇ ದಿನಗಳ ರಿಕ್ಷಾ ಬಾಡಿಗೆಯಲ್ಲಿ ಇನ್ನೊಂದು ಮಗುವಿನ ವರ್ಷದ ಟೆಸ್ಟ್ ಮುಗಿಯುತ್ತದೆ. ಕಿಡ್ನಿ ಹೋದ ಮೇಲೆ ಎತ್ತುವ ಚಂದಾದಲ್ಲಿ ಸ್ವಲ್ಪವನ್ನು ಕಿಡ್ನಿ ಇರುವಾಗಲೇ ಖರ್ಚು ಮಾಡಬಾರದಾ?

ಆ ಹುಡುಗಿಯ ಟೆಸ್ಟ್ ಆಯಿತು. ಮೊದಲ ಸಲ 46. ತಾಯಿ ಆ ಸಂಜೆ ಬೀಡಿ ಕಟ್ಟಲಿಲ್ಲ ಎಂದು ಮಗ ಹೇಳಿದ. ಎರಡನೇ ಸಲ 52. ಡಾಕ್ಟ್ರು ಮಾತ್ರೆ ಶುರು ಮಾಡಿದ್ದಾರೆ, ಇನ್ಸುಲಿನ್ ಲೆಕ್ಕ ಬದಲಾಯಿಸಿದ್ದಾರೆ, ಉಪ್ಪು ಕಡಿಮೆ ಮಾಡಿಸಿದ್ದಾರೆ. ಈ ಹಂತದಲ್ಲಿ ಹಿಡಿದರೆ ಸೋರಿಕೆ ನಿಂತು ಹಿಂದಕ್ಕೆ ಬರುವುದೂ ಉಂಟು ಎಂದಿದ್ದಾರೆ. ಇನ್ನೂ ಎರಡು ಮೂರು ವರ್ಷ ಬಿಟ್ಟಿದ್ದರೆ ಏನಾಗುತ್ತಿತ್ತೋ, ಮನೆಯಲ್ಲೇ ಕಣ್ಣೆದುರು ಇದೆ.

ಬಂದಿದ್ದ ಸಂಬಂಧದವರಿಗೆ ನಾನೇ ಹೋಗಿ ವಿಷಯ ಹೇಳಿದೆ. ಮುಚ್ಚಿಡದೆ ಎಲ್ಲವನ್ನೂ ಹೇಳಿದೆ. ಯೋಚಿಸಿ ಹೇಳುತ್ತೇವೆ ಎಂದರು. ತಿಂಗಳಾಯಿತು, ಫೋನ್ ಬರಲಿಲ್ಲ. ಬೇಸರವಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಮೊನ್ನೆ ಆ ತಾಯಿ ಸಿಕ್ಕಿ, "ಹೋದರೆ ಹೋಗಲಿ ಉಸ್ತಾದ್. ಅವಳಿಗೆ ಮುಂದಿನ ತಿಂಗಳು ಹನ್ನೆರಡಕ್ಕೆ ಇನ್ನೊಂದು ಟೆಸ್ಟ್ ಉಂಟು. ರಿಕ್ಷಾದವನಿಗೆ ಈಗಲೇ ಹೇಳಿ ಇಟ್ಟಿದ್ದೇನೆ" ಎಂದರು.

ನಿಮ್ಮ ಮನೆಯಲ್ಲಿ, ನೆರೆಮನೆಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವ ಮಗು ಇದ್ದರೆ, ಮತ್ತು ಆ ಕುಟುಂಬದಲ್ಲಿ ಯಾರಿಗಾದರೂ ಕಿಡ್ನಿ ತೊಂದರೆ ಇದ್ದರೆ, ಅವರ ಹತ್ತಿರ ಈ ವಾರವೇ ಒಂದು ಮಾತು ಕೇಳಿ. ಎಸಿಆರ್ ಮಾಡಿಸಿ ಎಷ್ಟು ದಿನ ಆಯಿತು?